ಸಮ ಚಿಹ್ನೆಯ ಎದುರು ಎರಡು ಅವಧಿ: ಒಂಬತ್ತನೇ ತರಗತಿಯಲ್ಲಿ ಪ್ರೋಗ್ರಾಮಿಂಗ್ ಪಾಠ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಒಂದು ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿ. ಗಣಿತ ಪಾಠಗಳ ಜೊತೆಗೆ ಎರಡು ಅವಧಿ ಪೈಥಾನ್ ಹೇಳಿಕೊಡಲು ಮುಖ್ಯೋಪಾಧ್ಯಾಯರು ಹೇಳಿದರು. ನಾನು ಕೋಡಿಂಗ್ ಕಲಿತವಳು ಎಂದು ಯಾರೋ ಅವರಿಗೆ ತಿಳಿಸಿದ್ದರು. ಅದು ಅರ್ಧ ನಿಜ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಮೂರು ತಿಂಗಳ ಬೂಟ್‌ಕ್ಯಾಂಪ್ ಸೇರಿದ್ದೆ. ಪ್ರಮಾಣಪತ್ರ ಬಂತು, ಕೆಲಸ ಬರಲಿಲ್ಲ.

‘ಬೂಟ್‌ಕ್ಯಾಂಪ್’ ಎಂಬುದು ಅಮೆರಿಕದ ಸೈನ್ಯದಲ್ಲಿ ಹೊಸಬರಿಗೆ ಕೊಡುವ ಕಠಿಣ ತರಬೇತಿಯ ಹೆಸರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಡೆವ್ ಬೂಟ್‌ಕ್ಯಾಂಪ್ ಈ ಬಗೆಯ ಕೋಡಿಂಗ್ ತರಬೇತಿಗಳಲ್ಲಿ ಮೊದಲಿನವುಗಳಲ್ಲೊಂದು. ಅದು 2017ರಲ್ಲಿ ಮುಚ್ಚಿತು; ಮಾದರಿ ಮಾತ್ರ ನಮ್ಮೂರಿನವರೆಗೂ ಬಂತು. ನಮ್ಮ ತರಗತಿಯಲ್ಲಿ ತರಬೇತುದಾರರು ಪ್ರೊಜೆಕ್ಟರಿನಲ್ಲಿ ಟೈಪ್ ಮಾಡುತ್ತಿದ್ದರು, ನಾವು ನೋಡಿಕೊಂಡು ಟೈಪ್ ಮಾಡುತ್ತಿದ್ದೆವು. ಪ್ರೋಗ್ರಾಂ ಓಡಿದರೆ ಅರ್ಥವಾಯಿತು ಎಂದುಕೊಳ್ಳುತ್ತಿದ್ದೆವು. ರಾತ್ರಿ ಪಿ.ಜಿ.ಯಲ್ಲಿ ಖಾಲಿ ಪರದೆ ತೆರೆದರೆ ಮೊದಲ ಸಾಲೇ ಹೊಳೆಯುತ್ತಿರಲಿಲ್ಲ.

ನನ್ನ ಪಕ್ಕ ಹಾಸನದ ಕಡೆಯ ಹುಡುಗಿಯೊಬ್ಬಳು ಕೂರುತ್ತಿದ್ದಳು. ಗಣಿತದಲ್ಲಿ ನನಗಿಂತ ಚುರುಕು. ಎರಡನೇ ದಿನ ಪರದೆಯ ಮೇಲೆ ಒಂದು ಚರಾಕ್ಷರ ತನಗೇ ಒಂದನ್ನು ಕೂಡಿಸಿದ ಮೊತ್ತಕ್ಕೆ ಸಮ ಎಂಬಂತಿದ್ದ ಸಾಲು ಬಂದಾಗ, ಎರಡೂ ಕಡೆಯಿಂದ ಅದನ್ನು ಕಳೆದರೆ ಸೊನ್ನೆ ಒಂದಕ್ಕೆ ಸಮ ಎಂದಾಗುವುದಲ್ಲ ಎಂದು ಕೇಳಿದಳು. ಕೆಲವರು ನಕ್ಕರು. ‘ಇಲ್ಲಿ ಅದು ಹಾಗೇ. ಮುಂದೆ ಹೋಗೋಣ’ ಎಂದರು ತರಬೇತುದಾರರು. ಅವರು ಕೆಟ್ಟವರಲ್ಲ, ಆ ದಿನದ ಪಾಠ ಮುಗಿಸಬೇಕಿತ್ತು. ನಾಲ್ಕನೇ ವಾರ ಅವಳು ಬರಲಿಲ್ಲ. ಫೋನ್ ಮಾಡಿದರೆ ‘ನಂಗೆ ತಲೆಗೆ ಹತ್ತಲ್ಲ ಕಣೇ’ ಎಂದಳು. ಕಟ್ಟಿದ ಶುಲ್ಕ ವಾಪಸಾಗಲಿಲ್ಲ.

ಈಗ ನನ್ನ ಪಾಠ. ಪ್ರಯೋಗಾಲಯದಲ್ಲಿ ನಡೆಯುವ ಕಂಪ್ಯೂಟರು ಏಳು, ಮಕ್ಕಳು ಮೂವತ್ತೆಂಟು. ಪೈಥಾನ್ 3ರಲ್ಲಿ ಚರಾಕ್ಷರಗಳಿಗೆ ಕನ್ನಡದಲ್ಲೇ ಹೆಸರಿಡಬಹುದು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ (ಬೂಟ್‌ಕ್ಯಾಂಪಿನಲ್ಲಿ ಯಾರೂ ಹೇಳಿರಲಿಲ್ಲ). ಹಲಗೆಯ ಮೇಲೆ ಬರೆದೆ:

ರನ್ = 5
ರನ್ = ರನ್ + 1

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಮಿಸ್, ಎರಡನೇ ಸಾಲು ತಪ್ಪು. ಐದು, ಆರು ಹೇಗೆ ಸಮ ಆಗುತ್ತೆ?’ ನನ್ನ ಬಾಯಿಂದ ಬಂದದ್ದು: ‘ಕಂಪ್ಯೂಟರಿನಲ್ಲಿ ಅದು ಹಾಗೇನಮ್ಮ.’ ಹೇಳಿದ ಕ್ಷಣವೇ ಅದು ಯಾರ ಮಾತೆಂದು ನೆನಪಾಯಿತು. ಉಳಿದ ಅವಧಿ ಪಾಠಯೋಜನೆಯಂತೆಯೇ ಸಾಗಿತು, ಆದರೆ ಆ ಹುಡುಗಿ ಮತ್ತೆ ಕೈ ಎತ್ತಲಿಲ್ಲ.

ಅವಳ ಆಕ್ಷೇಪ ನ್ಯಾಯವಾದದ್ದು. 1557ರಲ್ಲಿ ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರೆಗಳನ್ನು ಸಮ ಚಿಹ್ನೆಯಾಗಿ ಬಳಸಿದ್ದು ಎರಡೂ ಬದಿ ಒಂದೇ ಎಂದು ಹೇಳಲು. ಫೋರ್ಟ್ರಾನ್ ಅದೇ ಗುರುತನ್ನು ‘ಬಲಗಡೆಯದನ್ನು ಲೆಕ್ಕ ಮಾಡಿ ಎಡಗಡೆಯ ಹೆಸರಿನಲ್ಲಿ ಇಡು’ ಎಂಬ ಆಜ್ಞೆಗೆ ಬಳಸಿತು. ಗೊಂದಲ ಬೇಡವೆಂದೋ ಏನೋ, ಆಲ್ಗಾಲ್ ಮತ್ತು ಪ್ಯಾಸ್ಕಲ್ ಭಾಷೆಗಳಲ್ಲಿ ಸಮ ಚಿಹ್ನೆಯ ಹಿಂದೆ ಎರಡು ಚುಕ್ಕೆಗಳ ಗುರುತೂ ಇದೆ. ಪೈಥಾನ್‌ನ ಇಂಥ ಸಾಲುಗಳಲ್ಲಿ ಇಲ್ಲ. ಏಳೆಂಟು ವರ್ಷ ಸಮ ಚಿಹ್ನೆಯನ್ನು ಒಂದೇ ಅರ್ಥದಲ್ಲಿ ಕಲಿಸಿ, ಒಂದು ದಿನ ಏನೂ ಹೇಳದೆ ಅರ್ಥ ಬದಲಿಸಿದವರು ನಾವೇ.

ಎರಡನೇ ಅವಧಿಗೆ ಮೊದಲು ಅವಳ ಹತ್ತಿರ ಹೋಗಿ, ‘ನಿನ್ನೆ ನೀನು ಕೇಳಿದ್ದು ಸರಿ, ಉತ್ತರ ನಾನು ಸರಿಯಾಗಿ ಕೊಡಲಿಲ್ಲ’ ಎಂದೆ. ಬೋಧನೋಪಕರಣವಾಗಿ ಎರಡು ಡಬ್ಬಿ, ಒಂದಷ್ಟು ಗೋಲಿ ಒಯ್ದಿದ್ದೆ. ಚರಾಕ್ಷರ ಎಂದರೆ ಡಬ್ಬಿ ಎಂದು ಎಲ್ಲರೂ ಹೇಳುತ್ತಾರಲ್ಲ. ‘ರನ್’ ಡಬ್ಬಿಯಲ್ಲಿ ಐದು ಗೋಲಿ ಹಾಕಿ, ‘ಗುರಿ = ರನ್’ ಎಂದು ಬರೆದು, ಮಾಡಿ ತೋರಿಸಲು ಒಬ್ಬ ಹುಡುಗನನ್ನು ಕರೆದೆ. ಅವನು ಐದೂ ಗೋಲಿಗಳನ್ನು ಎತ್ತಿ ‘ಗುರಿ’ ಡಬ್ಬಿಗೆ ಸುರಿದ. ರನ್‌ನಲ್ಲಿ ಈಗ ಎಷ್ಟು? ‘ಏನೂ ಇಲ್ಲ ಮಿಸ್.’ ಕಂಪ್ಯೂಟರಿನಲ್ಲಿ ನೋಡಿದರೆ ಐದೇ ಇತ್ತು. ಹುಡುಗ ಪೆಚ್ಚಾದ. ತಪ್ಪು ಅವನದಲ್ಲ, ನನ್ನ ಡಬ್ಬಿಯದು. ಗೋಲಿ ಎತ್ತಿದರೆ ಮೊದಲ ಜಾಗ ಖಾಲಿಯಾಗಲೇಬೇಕು.

ಡಬ್ಬಿ ಬದಿಗಿಟ್ಟು, ಪಕ್ಕದ ಪ್ರಾಥಮಿಕ ಶಾಲೆಯಿಂದ ಸ್ಲೇಟು ತರಿಸಿದೆ. ಒಬ್ಬಳು ‘ರನ್’, ಒಬ್ಬ ‘ಗುರಿ’. ಇನ್ನೊಬ್ಬಳು ಕಂಪ್ಯೂಟರು, ಅವಳೇ ಹಲಗೆಯ ಸಾಲನ್ನು ಓದಿ ಆಜ್ಞೆ ಕೊಡುವವಳು. ನಿಯಮ ಎರಡು: ಮೊದಲು ಬಲಗಡೆಯ ಲೆಕ್ಕ ಮಾಡು, ಆಮೇಲೆ ಎಡಗಡೆಯ ಸ್ಲೇಟು ಒರೆಸಿ ಉತ್ತರ ಬರೆ. ಸ್ಲೇಟಿನಿಂದ ನೋಡಿ ಬರೆದರೆ ಮೂಲ ಅಳಿಯುವುದಿಲ್ಲ, ಒರೆಸಿ ಬರೆದರೆ ಹಳೆಯದು ಉಳಿಯುವುದಿಲ್ಲ. ‘ರನ್ = ರನ್ + 1’ ಸಾಲಿಗೆ ಐದನ್ನು ಒರೆಸಿ ಆರು ಬರೆದಾಗ ಹಿಂದಿನಿಂದ ಒಬ್ಬ ‘ಸ್ಕೋರ್ ಬೋರ್ಡ್ ಥರ ಮಿಸ್!’ ಎಂದು ಕೂಗಿದ. ನನಗಿದು ಮೊದಲೇ ಹೊಳೆಯಬೇಕಿತ್ತು. ಆಮೇಲೆ ಪ್ರತಿ ಗುಂಪೂ ಉತ್ತರವನ್ನು ಸ್ಲೇಟಿನಲ್ಲಿ ಬರೆದ ನಂತರವೇ ಕಂಪ್ಯೂಟರ್ ಮುಟ್ಟಬೇಕು ಎಂದೆ. ಯಂತ್ರಗಳ ಕೊರತೆಯೂ ಅಷ್ಟಾಗಿ ಕಾಡಲಿಲ್ಲ.

ಸಂಜೆ ಹಾಸನದ ಗೆಳತಿಗೆ ಸ್ಲೇಟುಗಳ ಫೋಟೊ ಕಳಿಸಿದೆ. ‘ಇಷ್ಟೇನಾ ಇದ್ದದ್ದು?’ ಎಂದು ಬರೆದಳು. ಏನು ಉತ್ತರ ಬರೆಯಬೇಕೋ ತೋಚಲಿಲ್ಲ.

ಕೊನೆಯಲ್ಲಿ ಒಂದು ಕಿರುಪರೀಕ್ಷೆ ಕೊಟ್ಟಿದ್ದೆ: ರನ್ = 3, ಗುರಿ = ರನ್, ರನ್ = 7; ಗುರಿ ಎಷ್ಟು? ಮುಂದಿನವರು ಹೆಚ್ಚಾಗಿ 3 ಎಂದು ಬರೆದಿದ್ದರು. ಹಿಂದಿನ ಎರಡು ಬೆಂಚುಗಳಲ್ಲಿ ಹೆಚ್ಚಿನವರದು 7. ಕೇಳಿದರೆ ‘ಒಂದ್ಸಲ ಸಮ ಅಂದ್ಮೇಲೆ ಯಾವಾಗ್ಲೂ ಸಮನೇ ಅಲ್ವಾ ಮಿಸ್?’ ಪಾಠದುದ್ದಕ್ಕೂ ನಾನೇ ಆ ಸಾಲನ್ನು ‘ಗುರಿ ಸಮ ರನ್’ ಎಂದು ಓದುತ್ತಿದ್ದೆ ಎಂದು ಸಹಪಾಠಿ ವೀಕ್ಷಕಿಯ ಟಿಪ್ಪಣಿಯಲ್ಲಿತ್ತು. ಮಾರ್ಗದರ್ಶಿ ಶಿಕ್ಷಕರು ಇನ್ನೊಂದು ಅವಧಿ ಬಿಟ್ಟುಕೊಟ್ಟಿದ್ದಾರೆ. ಅದರ ಪಾಠಯೋಜನೆಯಲ್ಲಿ ಆ ಸಾಲನ್ನು ‘ಗುರಿಯ ಸ್ಲೇಟಿನಲ್ಲಿ ರನ್‌ನ ಈಗಿನ ಬೆಲೆ ಬರೆ’ ಎಂದು ಓದಿಸುವುದಾಗಿ ಬರೆದುಕೊಂಡಿದ್ದೇನೆ. ಹಿಂದಿನ ಬೆಂಚಿನವರನ್ನೇ ಮೊದಲು ಸ್ಲೇಟು ಹಿಡಿಯಲು ಕರೆಯುತ್ತೇನೆ.