ಹೂಮಳೆ ತಪ್ಪಿದ ಬೇಸಿಗೆಯಲ್ಲಿ ತೋಟದ ಕೆಲಸ



ಶಿವರಾತ್ರಿ ಕಳೆದು ಯುಗಾದಿಯ ಆಸುಪಾಸಿನಲ್ಲಿ ಒಂದೆರಡು ಹೂಮಳೆ ಬೀಳುವುದು ಮಲೆನಾಡಿನ ವಾಡಿಕೆ. ಆ ಮಳೆ ತಪ್ಪಿದ ವರ್ಷ ಏನು ಮಾಡಬೇಕೆಂದು ಮೊದಲೇ ಲೆಕ್ಕ ಹಾಕದವನಿಗೆ ನಷ್ಟ ಎರಡು ಪಟ್ಟು. ಹಾಗೆ ನಷ್ಟ ಮಾಡಿಕೊಂಡವರಲ್ಲಿ ನಾನೂ ಒಬ್ಬ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ, ಅಂದರೆ 2024ರ ಮಾರ್ಚ್ ತಿಂಗಳಲ್ಲಿ, ನನ್ನ ಕೆರೆಯಲ್ಲಿದ್ದ ನೀರನ್ನು ನಾಲ್ಕು ಎಕರೆ ರೊಬಸ್ಟಾಕ್ಕೂ ಸ್ವಲ್ಪ ಸ್ವಲ್ಪ ಹಂಚಿದೆ. ಮುಕ್ಕಾಲು ಅಂಗುಲವೂ ಬೀಳಲಿಲ್ಲ. ಮೊಗ್ಗು ಅರೆಬರೆ ಬಿರಿದು ಕರಕಾಯಿತು. ಏಪ್ರಿಲ್‌ನಲ್ಲಿ ಕೆರೆ ಬತ್ತಿತು. ಹಿಂದಿನ ವರ್ಷ ನೆಟ್ಟ ಅಡಿಕೆ ಸಸಿಗಳೂ ಒಣಗಿದವು. ಈ ಪಾಠ ನಿಮಗೂ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

1. ಮೊದಲು ನೀರಿನ ಲೆಕ್ಕ

ಫೆಬ್ರವರಿ ಮಧ್ಯದೊಳಗೆ ಕೆರೆಗೆ ಕೋಲಿಳಿಸಿ ಅಳೆಯಿರಿ. 40 ಅಡಿ ಉದ್ದ, 30 ಅಡಿ ಅಗಲ, 8 ಅಡಿ ಆಳದ ನೀರೆಂದರೆ ಸುಮಾರು 2,70,000 ಲೀಟರ್. ಒಂದು ಎಕರೆಗೆ ಒಂದು ಅಂಗುಲ ನೀರು ಕೊಡಲು ಸುಮಾರು 1,03,000 ಲೀಟರ್ ಬೇಕು. ರೊಬಸ್ಟಾ ಹೂ ಬಿಡಿಸಲು ಒಂದೂವರೆ ಅಂಗುಲ, ಹೂವಾದ 15-20 ದಿನಕ್ಕೆ ಕಾಯಿ ನಿಲ್ಲಿಸಲು ಮತ್ತೊಂದು ಅಂಗುಲ ಎಂದು ಹಿಡಿದರೆ, ಅಷ್ಟು ದೊಡ್ಡ ಕೆರೆಯ ನೀರು ಒಂದೇ ಎಕರೆಗೆ ಸರಿಹೋಗುತ್ತದೆ. ನಾನು ನಾಲ್ಕು ಎಕರೆಗೆ ಹೊರಟಿದ್ದೆ!

ಆದ್ದರಿಂದ ನಿಯಮ ಇಷ್ಟೇ: ಎರಡು ಸಲಕ್ಕೂ ನೀರಿದ್ದಷ್ಟು ಜಾಗಕ್ಕೆ ಮಾತ್ರ ಸ್ಪ್ರಿಂಕ್ಲರ್ ಹಾಕಿ, ಪೂರ್ತಿ ಹಾಕಿ. ಉಳಿದದ್ದನ್ನು ಮಳೆಗೆ ಬಿಡಿ. ಹತ್ತು ಮಿಲಿಮೀಟರಿನ ಸಣ್ಣ ಮಳೆ ಬಂದು ನಿಂತರೆ, ಕೊರತೆ ಬಿದ್ದಷ್ಟು ನೀರನ್ನು ಒಂದೆರಡು ದಿನದೊಳಗೇ ತುಂಬಿಸಬೇಕು. ಇದಕ್ಕೆ ಮನೆಯಲ್ಲೊಂದು ಮಳೆಮಾಪಕ ಇರಲೇಬೇಕು. ಹೂವು ಅರಳಿದ ದಿನ ನೀರು ಹಾರಿಸಬೇಡಿ, ಔಷಧಿ ಹೊಡೆಯಬೇಡಿ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದು ಜೇನುನೊಣದ ಮತ್ತು ಗಾಳಿಯ ಕೆಲಸ.

2. ಅಡಿಕೆಗೆ ಹನಿ ನೀರು

ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಬುಡಕ್ಕೆ ಪಾತಿ ಮಾಡಿ ಮರಕ್ಕೆ 175 ಲೀಟರಿನಂತೆ ನಾಲ್ಕು ದಿನಕ್ಕೊಮ್ಮೆ ಬಿಟ್ಟರೆ ದಿನಕ್ಕೆ 23,000 ಲೀಟರ್ ಮೀರುತ್ತದೆ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರಿನಂತೆ 10,800 ಲೀಟರ್ ಸಾಕು. ಖರ್ಚಾಯಿತೆಂದು ಹಿಂಜರಿಯುವವರು ಈ ವ್ಯತ್ಯಾಸವನ್ನೊಮ್ಮೆ ನೋಡಿ. ಪೈಪಿನ ತೂತು ಕಟ್ಟಿದೆಯೇ ಎಂದು ವಾರಕ್ಕೊಮ್ಮೆ ಸಾಲು ಸಾಲಾಗಿ ನಡೆದು ಪರೀಕ್ಷಿಸಬೇಕು.

3. ಮುಚ್ಚಿಗೆ ಮತ್ತು ನೆರಳು

ಬಿದ್ದ ಸೋಗೆ, ದರಗು, ಬಾಳೆಯ ಒಣ ಎಲೆ ಯಾವುದನ್ನೂ ಸುಡಬೇಡಿ. ಬುಡದ ಸುತ್ತ ದಪ್ಪವಾಗಿ ಹರಡಿ. ಬುಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಪಡುವಣ ಮತ್ತು ನೈಋತ್ಯದ ಬಿಸಿಲು ನೇರವಾಗಿ ಬೀಳುವ ಅಡಿಕೆ ಕಾಂಡಕ್ಕೆ ಸುಣ್ಣ ಬಳಿಯಿರಿ, ಇಲ್ಲವೇ ಒಣ ಸೋಗೆ ಕಟ್ಟಿ. ಒಮ್ಮೆ ಸುಟ್ಟು ಬಿರಿದ ಕಾಂಡ ಮುಂದೆ ಗಾಳಿಗೆ ಮುರಿಯುತ್ತದೆ.

ಕಾಫಿಯ ನೆರಳು ಮರಗಳ ಮರಗಸಿಯನ್ನು ಮಳೆ ಬಂದು ನೆಲ ತಂಪಾಗುವವರೆಗೆ ಮುಂದೂಡಿ. ಅರೇಬಿಕಾ ಇರುವವರಿಗೆ ಇದು ಇನ್ನೂ ಮುಖ್ಯ. ಬಿಳಿ ಕಾಂಡಕೊರಕದ ದುಂಬಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಬಂದು ಬಿಸಿಲು ಬೀಳುವ ಗಿಡಗಳನ್ನೇ ಹುಡುಕಿ ಮೊಟ್ಟೆಯಿಡುತ್ತದೆ. ಕಾಂಡದ ಮೇಲೆ ಏಣು ಎದ್ದ, ಎಲೆ ಹಳದಿಯಾಗಿ ಬಾಡಿದ ಗಿಡಗಳನ್ನು ಮಾರ್ಚ್ ಮುಗಿಯುವುದರೊಳಗೆ ಗುರುತಿಸಿ, ಬೇರುಸಹಿತ ಕಿತ್ತು, ತೋಟದ ಹೊರಗೆ ಎಚ್ಚರಿಕೆಯಿಂದ ಸುಟ್ಟುಬಿಡಿ.

4. ಎಳೆ ಗಿಡಗಳು

ಹೊಸ ಕಾಫಿ ಗಿಡ, ಅಡಿಕೆ ಸಸಿ, ಎಳೆ ಮೆಣಸಿನ ಬಳ್ಳಿ ಇವಕ್ಕೆ ಸೋಗೆಯ ನೆರಳು ಕಟ್ಟಿ, ಸಂಜೆ ಹೊತ್ತು ಕೊಡದಲ್ಲಾದರೂ ನೀರು ಕೊಡಿ. ಒಣ ನೆಲಕ್ಕೆ ರಸಗೊಬ್ಬರ ಹಾಕಬೇಡಿ. ಬೇರು ಸುಡುತ್ತದೆ, ದುಡ್ಡೂ ಹೋಗುತ್ತದೆ.

5. ಬೆಂಕಿ

ರಸ್ತೆ ಬದಿಯಲ್ಲಿ ಹತ್ತಡಿ ಅಗಲಕ್ಕೆ ಹುಲ್ಲು, ದರಗು ಕೆರೆದು ಬೆಂಕಿರೇಖೆ ಮಾಡಿ. ಬೀಡಿ ಸೇದಿ ಎಸೆಯುವುದರ ಬಗ್ಗೆ ಆಳುಗಳಿಗೂ ತಿಳಿಹೇಳಿ.

ಕೊನೆಯದಾಗಿ ಒಂದು ಮಾತು. ನೀರು ಸಾಲದೆಂದು ತಿಳಿದ ದಿನ ಮನೆಗೂ ದನಕ್ಕೂ ಮೊದಲು ಎತ್ತಿಡಿ. ನಂತರ ಎಳೆ ಗಿಡ, ಆಮೇಲೆ ಅಡಿಕೆ, ಕೊನೆಗೆ ಕಾಫಿಯ ಹೂವು. ಈ ಕ್ರಮ ಕೆಲವರಿಗೆ ಒಪ್ಪಿಗೆಯಾಗದಿರಬಹುದು, ಏಕೆಂದರೆ ಈ ವರ್ಷದ ಹಣ ಹೂವಿನಲ್ಲಿದೆ. ಆದರೆ ಹೂವು ಹೋದರೆ ಒಂದು ಬೆಳೆ ಹೋಯಿತು. ಅಡಿಕೆ ಸಸಿ ಹೋದರೆ ಫಲ ಕಾಣಲು ಮತ್ತೆ ಐದಾರು ವರ್ಷ ಕಾಯಬೇಕು. ಸಾಲದ ಕಂತು ಅಷ್ಟು ವರ್ಷ ಕಾಯುವುದಿಲ್ಲವೆಂಬುದು ಸಂಘದ ಲೆಕ್ಕದ ಪುಸ್ತಕ ಹಿಡಿದು ಕೂತ ನನಗೆ ಚೆನ್ನಾಗಿ ಗೊತ್ತು.

ಕೆರೆಯಲ್ಲಿ ನೀರಿರುವ ಸದಸ್ಯರು ನೆರೆಯವರ ಸಸಿಗಳಿಗೆ ನಾಲ್ಕು ಕೊಡ ನೀರು ಕೊಡಲು ಹಿಂಜರಿಯದಿರಲಿ. ಸಹಕಾರವೆಂಬ ಮಾತಿಗೆ ಅರ್ಥ ಬರುವುದು ಇಂಥ ಬೇಸಿಗೆಯಲ್ಲೇ.

— ಕಾರ್ಯದರ್ಶಿ