ಹಾಲು ಒಗ್ಗದ ಕೂಸಿಗೆ ಬದಲಿ ಆಹಾರ

ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಹೈನು ಇಲ್ಲದ ರೈತ ಮನೆ ಕಡಿಮೆ. ದನಗರ ಗೌಳಿ ಕುಟುಂಬಗಳಿಗಂತೂ ಎಮ್ಮೆಯೇ ಬದುಕು. ಇಂಥ ಮನೆಯಲ್ಲಿ ಒಂದೆರಡು ವರ್ಷದ ಕೂಸಿಗೆ ಹಾಲು ಒಗ್ಗದಿದ್ದರೆ ಹಿರಿಯರಿಗೆ ದಿಕ್ಕು ತೋಚುವುದಿಲ್ಲ. ಹಾಲಿಲ್ಲದೆ ಕೂಸು ಹೇಗೆ ಬೆಳೆದೀತು ಎಂಬ ಅಂಜಿಕೆಯಿಂದ ಕೆಲವರು ಒತ್ತಾಯದಿಂದ ಕುಡಿಸುತ್ತಾರೆ. ಮತ್ತೆ ಕೆಲವರು ಹಾಲು ಬಿಡಿಸಿ ಅದರ ಜಾಗದಲ್ಲಿ ಗಂಜಿ ತಿಳಿ ಕೊಡುತ್ತಾರೆ. ಎರಡರಿಂದಲೂ ಕೂಸಿಗೆ ಅಪಾಯವಿದೆ. ಒಂದು ವರ್ಷ ತುಂಬಿದ ಮಗುವಿಗೆ ಹಾಲಿನಿಂದ ಸಿಗುವ ಪೋಷಕಾಂಶಗಳನ್ನು ನಮ್ಮ ಹೊಲ, ಹಿತ್ತಿಲುಗಳ ಪದಾರ್ಥಗಳಿಂದಲೇ ಬಹುಮಟ್ಟಿಗೆ ಒದಗಿಸಬಹುದು. ಆದರೆ ಹಾಲಿನಲ್ಲಿ ಏನಿದೆ ಎಂಬುದನ್ನು ತಿಳಿದು ಬದಲಿಯನ್ನು ಆರಿಸಬೇಕು.

ಹಾಲು ಏಕೆ ಒಗ್ಗುವುದಿಲ್ಲ?

ಇದರಲ್ಲಿ ಎರಡು ಬಗೆಗಳಿವೆ. ಎರಡಕ್ಕೂ ಉಪಚಾರ ಬೇರೆ ಬೇರೆ.

1. ಹಾಲಿನ ಸಕ್ಕರೆ ಜೀರ್ಣವಾಗದಿರುವುದು: ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಕರುಳಿನ ಲ್ಯಾಕ್ಟೇಸ್ ಎಂಬ ಕಿಣ್ವ ಒಡೆಯಬೇಕು. ಜೋರಾದ ಭೇದಿಯಾದಾಗ ಕರುಳಿನ ಒಳಪದರ ಕೆಟ್ಟು ಈ ಕಿಣ್ವ ಕಡಿಮೆಯಾಗುತ್ತದೆ. ಆಗ ಹಾಲು ಕುಡಿದ ಕೆಲವು ಗಂಟೆಗಳಲ್ಲಿ ಹೊಟ್ಟೆಯುಬ್ಬರ, ಹೊಟ್ಟೆನೋವು, ಹುಳಿವಾಸನೆಯ ನೀರುಭೇದಿ ಕಾಣುತ್ತವೆ. ಎಳೆಯ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆ ಇದೇ. ಕರುಳು ಮಾಯ್ದಂತೆ ಕೆಲವು ವಾರಗಳಲ್ಲಿ ಹಾಲು ಮತ್ತೆ ಒಗ್ಗುತ್ತದೆ.

2. ಹಾಲಿನ ಸಸಾರಜನಕದ ಅಲರ್ಜಿ: ಇಲ್ಲಿ ಶರೀರವು ಹಾಲಿನ ಸಸಾರಜನಕವನ್ನೇ ವೈರಿಯೆಂದು ಎಣಿಸುತ್ತದೆ. ಮೈಮೇಲೆ ದದ್ದು, ತುಟಿ-ಮುಖದ ಬಾವು, ಪದೇ ಪದೇ ವಾಂತಿ, ಇಸುಬು, ಮಲದಲ್ಲಿ ರಕ್ತ, ಉಬ್ಬಸ ಇದರ ಲಕ್ಷಣಗಳು. ಹಾಲು ತುಸುವೇ ಹೋದರೂ ತೊಂದರೆಯಾಗಬಹುದು. ಬಹಳಷ್ಟು ಮಕ್ಕಳಲ್ಲಿ ಮೂರರಿಂದ ಐದು ವರ್ಷದೊಳಗೆ ಇದು ತಾನಾಗಿ ಕಡಿಮೆಯಾಗುತ್ತದೆ.

ಹೇಗೆ ಗುರುತಿಸಬೇಕು?

ಸಾಮಾನ್ಯ ಭೇದಿ ಬಂದ ಕೂಡಲೇ ಹಾಲು ಬಿಡಿಸುವ ಅಗತ್ಯವಿಲ್ಲ. ಓ.ಆರ್.ಎಸ್. ದ್ರಾವಣ ಮತ್ತು ಆರೋಗ್ಯ ಕಾರ್ಯಕರ್ತೆ ಕೊಡುವ ಸತು (ಜಿಂಕ್) ಗುಳಿಗೆಗಳ ಜೊತೆಗೆ ಊಟವನ್ನೂ ಮುಂದುವರಿಸಬೇಕು. ಭೇದಿ 14 ದಿನ ದಾಟಿದರೆ ವೈದ್ಯರಿಗೆ ತೋರಿಸಬೇಕು. ಹಾಲಿನ ಮೇಲೆಯೇ ಸಂಶಯವಿದ್ದರೆ ಅವರ ಸಲಹೆಯಂತೆ ಎರಡು ವಾರ ಹಾಲು ನಿಲ್ಲಿಸಿ, ಕೂಸು ಸುಧಾರಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ನೋಡಬೇಕು. ನಿಲ್ಲಿಸಿದಾಗ ಗುಣವಾಗಿ, ಕೊಟ್ಟಾಗ ಮತ್ತೆ ಕಂಡರೆ ಮಾತ್ರ ದೋಷ ಹಾಲಿನದು. ಮುಖ ಬಾತಿದ್ದ, ಉಬ್ಬಸ ಬಂದಿದ್ದ ಅಥವಾ ಮಲದಲ್ಲಿ ರಕ್ತ ಕಂಡಿದ್ದ ಕೂಸಿಗೆ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು. ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ಅಲ್ಲಿಂದ ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ತಾಯಿಯ ಹಾಲನ್ನು ಯಾವ ಕಾರಣಕ್ಕೂ ಬಿಡಿಸಬಾರದು. ಎರಡು ವರ್ಷ ಮತ್ತು ಅದಕ್ಕೂ ಮೇಲೆ ಊಡಿಸಬಹುದು. ಅಲರ್ಜಿಯ ಕೆಲವು ಪ್ರಕರಣಗಳಲ್ಲಿ ತಾಯಿಯೇ ಹಾಲು, ಮೊಸರು ಬಿಡಬೇಕಾದೀತು. ಅದನ್ನು ವೈದ್ಯರು ಹೇಳುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಈ ಲೇಖನದ ಬದಲಿಗಳು ಸಲ್ಲುವುದಿಲ್ಲ.

ಯಾವುದು ಬದಲಿ ಅಲ್ಲ?

ಎಮ್ಮೆ, ಆಡಿನ ಹಾಲು: ಆಕಳ ಹಾಲಿನ ಅಲರ್ಜಿಯಿರುವ ಕೂಸಿಗೆ ಇವೂ ಸಾಮಾನ್ಯವಾಗಿ ಒಗ್ಗುವುದಿಲ್ಲ. ಇವುಗಳ ಸಸಾರಜನಕ ಒಂದನ್ನೊಂದು ಬಹಳ ಹೋಲುತ್ತದೆ. ನಾಟಿ ಆಕಳ ಹಾಲಿಗೂ ಇದೇ ಮಾತು. ಈ ಎಲ್ಲ ಹಾಲುಗಳಲ್ಲೂ ಲ್ಯಾಕ್ಟೋಸ್ ಇದೆ.

ಮೊಸರು, ಮಜ್ಜಿಗೆ: ಹೆಪ್ಪಾಗುವಾಗ ಲ್ಯಾಕ್ಟೋಸಿನ ಒಂದು ಭಾಗ ಹುಳಿಯಾಗಿ ಮಾರ್ಪಡುವುದರಿಂದ ಮೊದಲನೆಯ ಬಗೆಯ ಕೂಸಿಗೆ ಇವು ಒಗ್ಗಬಹುದು. ಅಲರ್ಜಿಯಿದ್ದರೆ ಕೊಡಬಾರದು.

ಗಂಜಿ ತಿಳಿ: ನೋಡಲು ಬೆಳ್ಳಗಿದ್ದರೂ ಇದರಲ್ಲಿ ಸಸಾರಜನಕ ಅತ್ಯಲ್ಪ. 2001ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ವರದಿ ಇಲ್ಲಿ ಎಚ್ಚರಿಕೆಯಾಗಬೇಕು. ಹಾಲಿನ ಬದಲು ಅಕ್ಕಿಯಿಂದ ಮಾಡಿದ ಪಾನೀಯವನ್ನೇ ನಂಬಿದ್ದ 22 ತಿಂಗಳ ಕೂಸು ಮೈ ಬಾತು, ಸಸಾರಜನಕದ ತೀವ್ರ ಕೊರತೆಯಿಂದ ಆಸ್ಪತ್ರೆ ಸೇರಿತು. ಸುಣ್ಣಾಂಶ ಮತ್ತು ಜೀವಸತ್ವ ‘ಡಿ’ ಸೇರಿಸದ ಸೋಯಾ ಪಾನೀಯವನ್ನು ಕುಡಿಯುತ್ತಿದ್ದ 17 ತಿಂಗಳ ಇನ್ನೊಂದು ಕೂಸಿಗೆ ಮೂಳೆ ಮೆತ್ತಗಾಗುವ ರಿಕೆಟ್ಸ್ ಆಗಿತ್ತು. ಎರಡೂ ಮನೆಗಳಲ್ಲಿ ಊಟಕ್ಕೆ ಬಡತನವಿರಲಿಲ್ಲ. ಬದಲಿಯ ಆಯ್ಕೆ ತಪ್ಪಿತ್ತು.

ತೆಂಗಿನ ಹಾಲು: ಕೊಬ್ಬು, ಶಕ್ತಿ ಇವೆ. ಸಸಾರಜನಕ, ಸುಣ್ಣ ಕಡಿಮೆ. ಅಡಿಗೆಗೆ ಬಳಸಬಹುದು.

ಗೆಡ್ಡೆ-ಗೆಣಸು: ಜೋಯಿಡಾದ ಮುಡ್ಲಿ, ಸುವರ್ಣಗೆಡ್ಡೆ, ಗೆಣಸು ಒಳ್ಳೆಯ ಪಿಷ್ಟ ಆಹಾರಗಳು. ಚೆನ್ನಾಗಿ ಬೇಯಿಸಿ, ಕಿವುಚಿ ಕೊಡಿರಿ. ಆದರೆ ಜೊತೆಗೆ ಬೇಳೆ ಅಥವಾ ತತ್ತಿ ಇರಬೇಕು.

ತುಂಬಬೇಕಾದ ಕೊರತೆ ಎಷ್ಟು?

ಹಾಲು ಮುಖ್ಯವಾಗಿ ಕೊಡುವುದು ಸಸಾರಜನಕ, ಸುಣ್ಣ (ಕ್ಯಾಲ್ಸಿಯಂ), ಕೊಬ್ಬು ಮತ್ತು ಜೀವಸತ್ವ ‘ಬಿ-12’. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿ ಗ್ರಾಂ ಸುಣ್ಣ ಮತ್ತು ಸುಮಾರು 12.5 ಗ್ರಾಂ ಸಸಾರಜನಕ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. 100 ಮಿ.ಲೀ. ಆಕಳ ಹಾಲಿನಲ್ಲಿ ಸುಮಾರು 120 ಮಿಲಿ ಗ್ರಾಂ ಸುಣ್ಣ, 3.2 ಗ್ರಾಂ ಸಸಾರಜನಕ ಇರುತ್ತವೆ. ಇದಕ್ಕೆ ಹೋಲಿಸಿದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350, ಸಿಪ್ಪೆ ಸಹಿತ ಎಳ್ಳಿನಲ್ಲಿ 1,280, ನುಗ್ಗೆಸೊಪ್ಪಿನಲ್ಲಿ 310 ಮಿಲಿ ಗ್ರಾಂ ಸುಣ್ಣವಿದೆ. ಕಾಳು, ಸೊಪ್ಪಿನ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ. ಆದ್ದರಿಂದ ಮೊಳಕೆ ಬರಿಸುವುದು, ಬಗೆಬಗೆಯ ಪದಾರ್ಥ ಕೊಡುವುದು, ಕೂಸನ್ನು ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಆಡಿಸುವುದು ಅವಶ್ಯ.

ರಾಗಿ–ಹೆಸರು–ಎಳ್ಳಿನ ಮಿಶ್ರಣ

ಹತ್ತು ದಿನಕ್ಕೆ ಬೇಕಾಗುವ ಸಾಮಗ್ರಿ: ರಾಗಿ (ನಾಚಣಿ) 500 ಗ್ರಾಂ, ಹೆಸರುಕಾಳು 200 ಗ್ರಾಂ, ಸಿಪ್ಪೆ ಸಹಿತ ಎಳ್ಳು 100 ಗ್ರಾಂ.

ಮಾಡುವ ವಿಧಾನ: ರಾಗಿಯನ್ನು ತೊಳೆದು 12 ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೂವರೆ ದಿನ ಕಟ್ಟಿಡಿರಿ. ಮೊಳಕೆ ಬಂದ ಮೇಲೆ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಮೊಳಕೆ ಉದುರಿಸಿ, ಹದವಾಗಿ ಹುರಿದು ಬೀಸಿರಿ. ಹೆಚ್ಚು ಹುರಿದರೆ ಅಂಬಲಿಯನ್ನು ತೆಳ್ಳಗೆ ಮಾಡುವ ಮೊಳಕೆಯ ಗುಣ ಹೋಗುತ್ತದೆ. ಹೆಸರುಕಾಳನ್ನೂ ಹೀಗೆಯೇ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿರಿ. ಎಳ್ಳನ್ನು ಹುರಿದು ಪುಡಿ ಮಾಡಿ ಬೇರೆ ಇಟ್ಟು ಉಣಿಸುವಾಗ ಬೆರೆಸಿರಿ. ಒಟ್ಟಿಗೆ ಇಟ್ಟರೆ ಹಿಟ್ಟು ಕನರುತ್ತದೆ. ಜೋಯಿಡಾ, ದಾಂಡೇಲಿಯ ಮಳೆಗಾಲದಲ್ಲಿ ಬಿಸಿಲು ಸಿಗದು. ರಾಗಿ, ಹೆಸರನ್ನು ಮೇ ತಿಂಗಳೊಳಗೇ ಮೊಳಕೆ ಬರಿಸಿ ಒಣಗಿಸಿ ಡಬ್ಬಿಯಲ್ಲಿ ಮುಚ್ಚಿಟ್ಟು ಬೇಕಾದಾಗ ಬೀಸಿಕೊಳ್ಳಿರಿ. ಬೂಷ್ಟು ಹಿಡಿದ ಕಾಳನ್ನು ಎಸೆಯಿರಿ.

ದಿನಕ್ಕೆ 80 ಗ್ರಾಂ ಮಿಶ್ರಣವನ್ನು ಮೂರು ಸಲ, ನೀರಿನಲ್ಲಿ ಕುದಿಸಿ ಮಣ್ಣಿಯಾಗಿ, ತುಸು ಬೆಲ್ಲ ಮತ್ತು ಒಂದು ಚಮಚ ಎಣ್ಣೆಯೊಂದಿಗೆ ಉಣಿಸಬಹುದು. ಇದರಿಂದ ಸುಮಾರು 320 ಮಿಲಿ ಗ್ರಾಂ ಸುಣ್ಣ, 10 ಗ್ರಾಂ ಸಸಾರಜನಕ ದೊರೆಯುತ್ತದೆ. ಹಿಟ್ಟನ್ನು ಜರಡಿಯಾಡಿ ತೌಡು ಎಸೆದರೆ ಸುಣ್ಣವೂ ಹೋಗುತ್ತದೆ. ನುಣ್ಣಗೆ ಬೀಸಿ ಹಾಗೆಯೇ ಬಳಸಿರಿ. ಇದಲ್ಲದೆ 30 ಗ್ರಾಂ ನುಗ್ಗೆಸೊಪ್ಪು, 25 ಗ್ರಾಂ ತೊಗರಿಬೇಳೆ, ಒಂದು ತತ್ತಿ ಕೊಟ್ಟರೆ ಸುಣ್ಣ ಸುಮಾರು 460 ಮಿಲಿ ಗ್ರಾಂ ಮುಟ್ಟುತ್ತದೆ. ಚಿಕ್ಕ ಕೂಸಿಗೆ ಅರ್ಧದಿಂದ ಆರಂಭಿಸಿರಿ. ಸುಣ್ಣದ ಪುಟಾಣಿ ಗುಳಿಗೆ ಅಥವಾ ಹನಿ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಸೋಯಾ ಹಾಲು

ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಸೋಯಾಅವರೆ ಹೇರಳ. 100 ಗ್ರಾಂ ಕಾಳನ್ನು 8–10 ಗಂಟೆ ನೆನೆಸಿ, ಸಿಪ್ಪೆ ತೆಗೆದು, ಹತ್ತು ನಿಮಿಷ ಕುದಿಸಿ, ಬಿಸಿನೀರಿನಲ್ಲಿ ರುಬ್ಬಿ ಬಟ್ಟೆಯಲ್ಲಿ ಸೋಸಿರಿ. ಸೋಸಿದ ಹಾಲನ್ನು ಮತ್ತೆ 15–20 ನಿಮಿಷ ಕೈಯಾಡಿಸುತ್ತ ಕುದಿಸಲೇಬೇಕು. ಹಸಿ ಸೋಯಾದಲ್ಲಿ ಸಸಾರಜನಕ ಜೀರ್ಣವಾಗದಂತೆ ತಡೆಯುವ ಅಂಶವಿದ್ದು ಕುದಿಸಿದಾಗ ಅದು ಹೋಗುತ್ತದೆ. ಸುಮಾರು 800 ಮಿ.ಲೀ. ಹಾಲು ಬರುತ್ತದೆ. ಇದರ ಸಸಾರಜನಕ ಆಕಳ ಹಾಲಿಗೆ ಸಮೀಪ. ಸುಣ್ಣ ಮಾತ್ರ ಅದರ ಐದನೇ ಒಂದು ಭಾಗದಷ್ಟು. ಆದ್ದರಿಂದ ಸೋಯಾ ಹಾಲಿನೊಡನೆ ರಾಗಿ, ಎಳ್ಳು ಇರಲೇಬೇಕು. ಹಾಲಿನ ಅಲರ್ಜಿಯುಳ್ಳ ಕೆಲವು ಮಕ್ಕಳಿಗೆ ಸೋಯಾ ಕೂಡ ಆಗುವುದಿಲ್ಲ.

ಒಂದಕ್ಕಿಂತ ಹೆಚ್ಚು ಆಹಾರ ಒಗ್ಗದಿದ್ದರೆ

ಹೊಸ ಪದಾರ್ಥವನ್ನು ಒಂದೊಂದಾಗಿ, ಒಂದು ಚಮಚದಿಂದ ಆರಂಭಿಸಿ, ಮೂರು ದಿನ ನೋಡಿ ಮುಂದಿನದನ್ನು ಕೊಡಿರಿ. ಒಮ್ಮೆಗೇ ಎರಡನ್ನು ಕೊಟ್ಟರೆ ಯಾವುದು ಒಗ್ಗಲಿಲ್ಲವೆಂದು ತಿಳಿಯದು. ಎಳ್ಳು, ಶೇಂಗಾ, ತತ್ತಿಗಳಿಗೆ ಈ ಎಚ್ಚರ ಹೆಚ್ಚು ಬೇಕು. ಸೋಯಾ ಆಗದಿದ್ದರೆ ಹೆಸರು, ಹುರುಳಿ, ಅಲಸಂದೆ ಇವೆ. ತತ್ತಿ ಆಗದಿದ್ದರೆ, ಮೀನು ತಿನ್ನುವ ಮನೆಯವರು ಕಾರವಾರದಿಂದ ಸಂತೆಗೆ ಬರುವ ತಾರ್ಲಿ, ಬಂಗಡೆಯನ್ನು ಮುಳ್ಳು ತೆಗೆದು ಕೊಡಬಹುದು. ಹಾಲು, ತತ್ತಿ, ಮೀನು, ಮಾಂಸ ಯಾವುದೂ ಇಲ್ಲದ ಕೂಸಿಗೆ ‘ಬಿ-12’ ಆಹಾರದಿಂದ ಸಿಗುವುದಿಲ್ಲ. ಅದಕ್ಕೆ ವೈದ್ಯರಿಂದ ಔಷಧಿ ಪಡೆಯುವುದು ಅನಿವಾರ್ಯ. ಎರಡು-ಮೂರು ಮುಖ್ಯ ಆಹಾರಗಳನ್ನು ಒಟ್ಟಿಗೆ ಬಿಡಿಸುವ ಮುನ್ನ ವೈದ್ಯರ ಸಲಹೆ ಪಡೆಯಿರಿ.

ಕಣ್ಣಿಗೆ ಕಾಣದ ಹಾಲು

ಅಲರ್ಜಿಯಿದ್ದರೆ ಬಿಸ್ಕೀಟು, ಬ್ರೆಡ್ಡು, ಪೇಡೆಗಳಲ್ಲಿರುವ ಹಾಲನ್ನೂ ಗಮನಿಸಬೇಕು. ಪೊಟ್ಟಣದ ಮೇಲೆ ಹಾಲು ಸೇರಿದ್ದರೆ ನಮೂದಿಸಬೇಕೆಂದು ಕಾನೂನಿದೆ, ಓದಿ ಕೊಳ್ಳಿರಿ. ಕ್ಷೀರ ಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಗಿ ಅಂಗನವಾಡಿ, ಶಾಲೆಗಳಿಗೆ ಹಾಲಿನ ಪುಡಿಯನ್ನು ತಂದಿತು. ಪುಡಿಯ ಹಾಲೂ ಹಾಲೇ. ಕೂಸನ್ನು ಸೇರಿಸುವಾಗಲೇ ಕಾರ್ಯಕರ್ತೆಗೆ ವಿಷಯ ತಿಳಿಸಿರಿ.

ಹಿತ್ತಿಲಿನ ಸಿದ್ಧತೆ

ನೀರು ನಿಲ್ಲದ ಜಾಗದಲ್ಲಿ ಎರಡು ನುಗ್ಗೆ ಗಿಡ ಇರಲಿ. ಅರಭಾವಿಯ ತೋಟಗಾರಿಕೆ ಕಾಲೇಜಿನ ‘ಭಾಗ್ಯ’ ತಳಿ ಒಳ್ಳೆಯದು. ಭತ್ತ, ಗೋವಿನಜೋಳಗಳ ನಡುವೆಯೂ ಮನೆ ಖರ್ಚಿಗೆ ಮಕ್ಕಿ ಜಮೀನಿನಲ್ಲಿ ಒಂದೆರಡು ಗುಂಟೆ ರಾಗಿ, ಬದುವಿನಲ್ಲಿ ಎಳ್ಳು ಬೆಳೆಯಬಹುದು. ಹಿತ್ತಿಲಿಗೆ ನಾಲ್ಕು ಗಿರಿರಾಜ ಅಥವಾ ನಾಟಿ ಕೋಳಿ ಸಾಕು.

ವಿಸ್ತರಣಾ ಕಾರ್ಯಕರ್ತರು ಇಂಥ ಮನೆಯ ಕೂಸನ್ನು ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸುವಂತೆ ನೋಡಿಕೊಳ್ಳಬೇಕು. ಬದಲಿ ಆಹಾರ ಸಾಕಾಗುತ್ತಿದೆಯೇ ಎಂಬುದನ್ನು ತಕ್ಕಡಿ ಹೇಳುತ್ತದೆ. ಎರಡು ತಿಂಗಳು ತೂಕ ಏರದಿದ್ದರೆ, ಕಾಲು ಬಾತರೆ, ಕೂಸು ಮಂಕಾದರೆ ತಡಮಾಡದೆ ವೈದ್ಯರಲ್ಲಿಗೆ ಕಳಿಸಬೇಕು. ಭೇದಿಯ ನಂತರ ಹಾಲು ಬಿಟ್ಟ ಕೂಸಿಗೆ ಕೆಲವು ವಾರಗಳ ಮೇಲೆ ಮೊಸರಿನಿಂದ ಆರಂಭಿಸಿ ಹಾಲನ್ನು ಮತ್ತೆ ರೂಢಿ ಮಾಡಿಸಿರಿ. ಅಲರ್ಜಿಯ ಕೂಸಿಗೆ ಆ ದಿನವನ್ನು ವೈದ್ಯರೇ ಗೊತ್ತುಮಾಡಲಿ.