ಮಡಚಿದರೆ ಕಾರ್ಡ್, ಬಿಚ್ಚಿದರೆ ವಿಕೆಟ್

ಕ್ರಿಕೆಟ್ ಹುಚ್ಚಿರೋ ಫ್ರೆಂಡ್‌ಗೆ ಕಾರ್ಡ್ ಕೊಡಬೇಕು ಅಂತ ಅಂಗಡಿಗೆ ಹೋದ್ರೆ ಸಿಗೋದು ಹೂವು, ಟೆಡ್ಡಿ, ಮಿಂಚೋ ಅಕ್ಷರ. ಅದರ ಬದಲು, ಬಿಚ್ಚಿದ ಕೂಡಲೇ ಮೂರು ಸ್ಟಂಪ್ ಎದ್ದು ನಿಲ್ಲೋ ಕಾರ್ಡ್ ನಾವೇ ಮಾಡೋಣ. ನಾನು ಮಾಡಿದ್ದು ನಮ್ಮ ಹಾಸ್ಟೆಲ್‌ನ ಒಬ್ಬ ಲೆಗ್ ಸ್ಪಿನ್ನರ್‌ಗೆ. ಮೊಣಕಾಲಿನ ಲಿಗಮೆಂಟ್ ಹರಿದು, ಈ ಸೀಸನ್ ಪೂರ್ತಿ ಅವನು ಆಡೋ ಹಾಗಿಲ್ಲ. ಅಂಥವನಿಗೆ ಏನು ಬರೀಬೇಕು ಅನ್ನೋದೂ ಡಿಸೈನಿನ ಭಾಗವೇ. ಅದನ್ನ ಕೊನೆಗೆ ನೋಡೋಣ.

ಬೇಕಾದ ಸಾಮಾನು: 200 ಜಿಎಸ್‌ಎಂನ ಎರಡು ಎ4 ಹಾಳೆ (ಒಂದು ಹಸಿರು, ಇನ್ನೊಂದು ನಿಮ್ಮಿಷ್ಟದ ಬಣ್ಣ), ಸ್ಟಂಪ್‌ಗೆ ಒಂದು ತುಂಡು ದಪ್ಪ ಹಾಳೆ, ಸ್ಕೇಲು, ಕತ್ತರಿ, ಕಟ್ಟರ್, ಫೆವಿಕಾಲ್, ರೀಫಿಲ್ ಖಾಲಿಯಾದ ಪೆನ್ನು.

ಮೊದಲು ತತ್ವ. ಈ ಕಾರ್ಡ್ ನಿಜಕ್ಕೂ ಒಂದು ಫೋರ್-ಬಾರ್ ಲಿಂಕೇಜ್. ನೆಲ, ಹಿಂದಿನ ಗೋಡೆ, ಪಟ್ಟಿಯ ಮುಂಭಾಗ, ಪಟ್ಟಿಯ ಮೇಲ್ಭಾಗ ಇವು ನಾಲ್ಕು ಲಿಂಕ್, ಮಡಿಕೆಗಳೇ ಜಾಯಿಂಟ್. ಎದುರುಬದುರು ಲಿಂಕ್‌ಗಳ ಉದ್ದ ಸಮ ಇರೋದರಿಂದ ಇದು ಸಮಾಂತರ ಚತುರ್ಭುಜ. ಹಾಗಾಗಿ ಮುಂಭಾಗ ಯಾವಾಗಲೂ ಗೋಡೆಗೆ ಸಮಾನಾಂತರವಾಗೇ ಇರುತ್ತೆ. ಗೋಡೆ ನಿಂತರೆ ಸ್ಟಂಪ್ ನಿಲ್ಲುತ್ತೆ, ಗೋಡೆ ಮಲಗಿದರೆ ಸ್ಟಂಪೂ ಮಲಗುತ್ತೆ.

ಈಗ ಕೆಲಸ.

1. ಹಸಿರು ಹಾಳೆಯನ್ನ ಅರ್ಧಕ್ಕೆ ಮಡಚಿ. ಒಂದೊಂದು ಭಾಗ 21 ಸೆಂ.ಮೀ. ಅಗಲ, ಸುಮಾರು 14.8 ಸೆಂ.ಮೀ. ಆಳ ಬರುತ್ತೆ. ಮಡಚೋ ಮೊದಲು ಸ್ಕೇಲ್ ಇಟ್ಟು ಖಾಲಿ ಪೆನ್ನಿನಿಂದ ಗೆರೆ ಒತ್ತಿದ್ರೆ ಮಡಿಕೆ ನೇರ ಕೂರುತ್ತೆ.

2. ಮಡಚಿದ ಹಾಗೇ, ಮಡಿಕೆಯ ನಡುವೆ 2 ಸೆಂ.ಮೀ. ಅಂತರದಲ್ಲಿ ಎರಡು ಸೀಳು ಕತ್ತರಿಸಿ. ಪ್ರತಿ ಸೀಳು 4 ಸೆಂ.ಮೀ. ಉದ್ದ.

3. ಸೀಳುಗಳ ತುದಿಯಲ್ಲಿ ಗೆರೆ ಒತ್ತಿ, ಹಾಳೆ ಬಿಚ್ಚಿ, ನಡುವಿನ ಪಟ್ಟಿಯನ್ನ ಮುಂದಕ್ಕೆ ತಳ್ಳಿ. ಮೆಟ್ಟಿಲಿನ ಹಾಗೆ ಒಂದು ಪೆಟ್ಟಿಗೆ ಬರುತ್ತೆ.

4. ಸ್ಟಂಪ್‌ಗೆ 1:10 ಸ್ಕೇಲ್. ನಿಜವಾದ ಸ್ಟಂಪಿನ ಎತ್ತರ 71.1 ಸೆಂ.ಮೀ., ಮೂರೂ ಸೇರಿದ ಅಗಲ 22.86 ಸೆಂ.ಮೀ. ನಮ್ಮದು 7.1 ಮತ್ತು 2.3. ಬುಡದಲ್ಲಿ 1 ಸೆಂ.ಮೀ. ಕೂಡಿಕೊಂಡೇ ಇರೋ ಹಾಗೆ ಕತ್ತರಿಸಿದ್ರೆ ಬಾಗೋದಿಲ್ಲ. ಇದನ್ನ ಪೆಟ್ಟಿಗೆಯ ಮುಂಭಾಗಕ್ಕೆ ಮಾತ್ರ ಅಂಟಿಸಿ. ನೆಲಕ್ಕೆ ಅಂಟು ತಾಗಬಾರದು.

5. ಎರಡನೇ ಹಾಳೆಯನ್ನ ಹೊರಗಡೆ ಕವರ್ ಆಗಿ, ಅಂಚಿಗಷ್ಟೇ ಅಂಟು ಹಚ್ಚಿ ಜೋಡಿಸಿ. ಪಟ್ಟಿಯ ಹಿಂದೆ ಅಂಟು ಬಿದ್ರೆ ಮೆಕ್ಯಾನಿಸಂ ಜಾಮ್.

ಪಕ್ಕದಲ್ಲಿ ಬ್ಯಾಟ್ ಕೂಡ ನಿಲ್ಲಿಸಬೇಕಾ? ಒಂದು ಲೆಕ್ಕ ನೆನಪಿರಲಿ: ಸೀಳಿನ ಉದ್ದ + ಆಕೃತಿಯ ಎತ್ತರ 14.8ಕ್ಕಿಂತ ಕಡಿಮೆ ಇರಬೇಕು. ಸ್ಟಂಪಿಗೆ 4 + 7.1 = 11.1, ಸರಿ. ನಿಯಮದ ಪ್ರಕಾರ ಬ್ಯಾಟಿನ ಗರಿಷ್ಠ ಉದ್ದ 96.5 ಸೆಂ.ಮೀ., ಅಂದ್ರೆ ನಮ್ಮ ಸ್ಕೇಲಿನಲ್ಲಿ 9.65. ಅದನ್ನ 6 ಸೆಂ.ಮೀ. ಸೀಳಿನ ಮೇಲೆ ನಿಲ್ಲಿಸಿದ್ರೆ ಮೊತ್ತ 15.65; ಕಾರ್ಡ್ ಮುಚ್ಚಿದಾಗ ಬ್ಯಾಟ್ ಹೊರಗೆ ಇಣುಕುತ್ತೆ. 4 ಸೆಂ.ಮೀ. ಸೀಳಾದ್ರೆ 13.65, ಒಳಗೇ ಉಳಿಯುತ್ತೆ. ಪಿಚ್ ಮಾತ್ರ ಸ್ಕೇಲಿಗೆ ಸಿಗಲ್ಲ. 20.12 ಮೀಟರ್ ಅಂದ್ರೆ ಎರಡು ಮೀಟರ್ ಉದ್ದದ ಕಾರ್ಡ್ ಬೇಕು!

ಇನ್ನು ಹಿಂದಿನ ಗೋಡೆ. ಅಲ್ಲಿ ಸ್ಕೋರ್‌ಬೋರ್ಡ್ ಬರೆದು ನಾನು ಹಾಕಿದ್ದು ಒಂದೇ ಸಂಖ್ಯೆ: 619. ಅದು ಟೆಸ್ಟ್‌ನಲ್ಲಿ ಅನಿಲ್ ಕುಂಬ್ಳೆ ಪಡೆದ ವಿಕೆಟ್. ನಮ್ಮ ಹಾಗೇ ಇಂಜಿನಿಯರಿಂಗ್ ಓದಿದವರು, ಬೆಂಗಳೂರಿನ ಆರ್‌ವಿ ಕಾಲೇಜಿನಲ್ಲಿ ಮೆಕ್ಯಾನಿಕಲ್. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದಿದ್ರೂ ಬ್ಯಾಂಡೇಜ್ ಸುತ್ಕೊಂಡು ಬೌಲ್ ಮಾಡಿ ಲಾರಾ ವಿಕೆಟ್ ತೆಗೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಗಾಯವಾದವನಿಗೆ ಆ ಫೋಟೋ ಅಂಟಿಸಿ ಕೊಟ್ರೆ, "ನೋವಲ್ಲೂ ಆಡು" ಅಂದ ಹಾಗಾಗುತ್ತೆ. ಮೊಣಕಾಲಿಗೆ ಅದು ಒಳ್ಳೇ ಸಲಹೆ ಅಲ್ಲ. ಕುಂಬ್ಳೆ ಮತ್ತೆ ಬಂದ್ರು, 2008ರವರೆಗೆ ಆಡಿದ್ರು. ನನಗೆ ಹೇಳಬೇಕಿದ್ದದ್ದು ಆ ಅರ್ಧ ಕಥೆ.

ಅದಕ್ಕೇ ಕೆಳಗೆ ಇಷ್ಟೇ ಬರೆದೆ: "ಆತುರ ಬೇಡ. ಸ್ಟಂಪ್ ಎಲ್ಲಿಗೂ ಓಡಿ ಹೋಗಲ್ಲ."

ನಿಮ್ಮ ಗೆಳೆಯರದ್ದು ಕಬಡ್ಡಿಯೋ ಬ್ಯಾಡ್ಮಿಂಟನ್ನೋ ಆದ್ರೆ ಆಕೃತಿ ಬದಲಿಸಿ. ಲೆಕ್ಕ ಅದೇ.